ಅಡಚಣೆ ಎಲ್ಲಿದೆ?

ಕೆರೆಯ ಕೆಳಗಿನ ಕೊನೆಯ ಗದ್ದೆಗೆ ನೀರು ತಲುಪುತ್ತಿಲ್ಲವೆಂದು ರೈತನೊಬ್ಬನು ದೂರಿದರೆ, ಅನುಭವಿಯಾದ ನೀರುಗಂಟಿಯು ಕೂಡಲೇ ಗುದ್ದಲಿ ಹಿಡಿದು ಕಾಲುವೆಯನ್ನು ಅಗಲ ಮಾಡಲು ಹೊರಡುವುದಿಲ್ಲ. ತೂಬಿನಲ್ಲಿ ನೀರು ಸರಿಯಾಗಿ ಬರುತ್ತಿದೆಯೇ, ಕಾಲುವೆಯಲ್ಲಿ ಎಲ್ಲಿಯಾದರೂ ಹೂಳು ತುಂಬಿದೆಯೇ, ಗದ್ದೆಯ ಬಾಯಿಯೇ ಕಟ್ಟಿಕೊಂಡಿದೆಯೇ ಎಂಬುದನ್ನು ಒಂದೊಂದಾಗಿ ನೋಡುತ್ತಾನೆ. ಹರಿಯುವ ವಸ್ತು ಯಾವುದೇ ಆಗಿರಲಿ, ಅದರ ವೇಗವನ್ನು ನಿರ್ಧರಿಸುವುದು ದಾರಿಯ ಅತ್ಯಂತ ಇಕ್ಕಟ್ಟಾದ ಭಾಗ. ಈ ಮಾತು ನೀರಿಗೆ ಹೇಗೋ ಗಣಕಯಂತ್ರಗಳ ನಡುವೆ ಹರಿಯುವ ಮಾಹಿತಿಗೂ ಹಾಗೆಯೇ ಸಲ್ಲುತ್ತದೆ.

ಒಂದು ಮುದ್ರಣಾಲಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ನಾಲ್ವರು ಕುಳಿತು ಪುಟಗಳನ್ನು ಜೋಡಿಸುತ್ತಾರೆ. ಅವರು ಸಿದ್ಧಪಡಿಸಿದ ಪುಟಗಳೂ ಚಿತ್ರಗಳೂ ಅವರವರ ಯಂತ್ರದಲ್ಲಿ ಉಳಿಯದೆ, ಎಲ್ಲರಿಗೂ ಸಾಮಾನ್ಯವಾದ ಒಂದು ಯಂತ್ರದಲ್ಲಿ ಸಂಗ್ರಹವಾಗುತ್ತವೆ. ಅದಕ್ಕೆ ಸರ್ವರ್ ಎಂದು ಹೆಸರು. ಕೆಲವು ದಿನಗಳಿಂದ ಕಡತಗಳನ್ನು ಆ ಸರ್ವರಿನಲ್ಲಿ ಉಳಿಸಲು ಬಹಳ ಹೊತ್ತು ಹಿಡಿಯುತ್ತಿದೆ. ಸರ್ವರ್ ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು ಎಂದು ಒಬ್ಬರು ಹೇಳುತ್ತಾರೆ. ಕೇಬಲ್ಲುಗಳನ್ನೆಲ್ಲ ಬದಲಾಯಿಸಬೇಕು ಎಂದು ಮತ್ತೊಬ್ಬರು ಹೇಳುತ್ತಾರೆ. ಇವೆರಡೂ ಊಹೆಗಳೇ. ಹಣ ಖರ್ಚಾಗುವುದಕ್ಕೆ ಮುಂಚೆ ಅಳತೆ ನಡೆಯಬೇಕು. ಅಳತೆಗೂ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಬೇಕು.

ತೊಂದರೆ ಒಬ್ಬರಿಗೋ, ಎಲ್ಲರಿಗೋ? ಬರೆಯುವುದು ಮಾತ್ರ ನಿಧಾನವೋ, ಓದುವುದೂ ನಿಧಾನವೋ? ಒಂದೇ ದೊಡ್ಡ ಕಡತವನ್ನು ಕಳುಹಿಸುವಾಗಲೋ, ಸಾವಿರಾರು ಸಣ್ಣ ಕಡತಗಳನ್ನು ಕಳುಹಿಸುವಾಗಲೋ? ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರಗಳೇ ದೋಷವಿರುವ ದಿಕ್ಕನ್ನು ತೋರಿಸುತ್ತವೆ.

ಒಬ್ಬರಿಗೆ ಮಾತ್ರ ತೊಂದರೆಯಿದ್ದು, ಅವರಿಗೆ ಓದುವುದೂ ಬರೆಯುವುದೂ ನಿಧಾನವಾಗಿದ್ದರೆ ಸಂಶಯವು ಮೊದಲು ತಂತಿಯ ಕಡೆಗೆ ಹೋಗಬೇಕು. ಯಂತ್ರಗಳನ್ನು ಹೀಗೆ ತಂತಿಯಿಂದ ಬೆಸೆಯುವ ಈಥರ್‌ನೆಟ್ ಎಂಬ ವ್ಯವಸ್ಥೆಯನ್ನು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಕಲ್ಪಿಸಿದರು. ಇಂದು ಸಾಮಾನ್ಯವಾಗಿ ಕಚೇರಿಗಳಲ್ಲಿರುವ ಈಥರ್‌ನೆಟ್ ಜಾಲವು ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವಂಥದು. 8 ಬಿಟ್‌ಗಳು ಸೇರಿ 1 ಬೈಟ್ ಆಗುವುದರಿಂದ, ಇದು ಸೆಕೆಂಡಿಗೆ 125 ಮೆಗಾಬೈಟ್ ಆಯಿತು. ಈ ವೇಗಕ್ಕೆ ಕೇಬಲ್ಲಿನೊಳಗಿನ 4 ಜೋಡಿ ತಂತಿಗಳೂ ಬೇಕು. ಅವುಗಳಲ್ಲಿ ಒಂದು ತಂತಿ ಕಡಿದರೂ ಅನೇಕ ಯಂತ್ರಗಳು ಸದ್ದಿಲ್ಲದೆ 2 ಜೋಡಿಗಳಿಂದಲೇ ನಡೆಯುವ 100 ಮೆಗಾಬಿಟ್‌ಗಳ ಹಳೆಯ ವೇಗಕ್ಕೆ ಇಳಿಯುತ್ತವೆ. ಆಗ ಸೆಕೆಂಡಿಗೆ ಸಾಗುವುದು ಹೆಚ್ಚೆಂದರೆ 12.5 ಮೆಗಾಬೈಟ್. 1000 ಮೆಗಾಬೈಟ್‌ಗಳ ಕಡತಕ್ಕೆ 8 ಸೆಕೆಂಡು ಸಾಕಾಗಿದ್ದಲ್ಲಿ 80 ಸೆಕೆಂಡು ಬೇಕಾಗುತ್ತದೆ. ಆದುದರಿಂದ ಕಡತ ಸಾಗುವ ವೇಗವು ಸೆಕೆಂಡಿಗೆ 11 ಅಥವಾ 12 ಮೆಗಾಬೈಟಿಗೆ ಬಂದು ನಿಂತಿದ್ದರೆ, ಅನುಭವಿಗಳು ಕೇಬಲ್ಲನ್ನೇ ಮೊದಲು ನೋಡುತ್ತಾರೆ.

ತಂತಿಯನ್ನು ಮಾತ್ರ ಪ್ರತ್ಯೇಕವಾಗಿ ಅಳೆಯುವ ಉಪಾಯವೂ ಉಂಟು. ಐಪರ್ಫ್ ಎಂಬ ತಂತ್ರಾಂಶವು ಒಂದು ಯಂತ್ರದ ಸ್ಮೃತಿಯಿಂದ ಇನ್ನೊಂದರ ಸ್ಮೃತಿಗೆ ನೇರವಾಗಿ ಮಾಹಿತಿಯನ್ನು ಕಳುಹಿಸಿ ವೇಗವನ್ನು ಹೇಳುತ್ತದೆ. ಡಿಸ್ಕಿನ ಗೋಜಿಗೆ ಹೋಗುವುದಿಲ್ಲ. ಅದು 900 ಮೆಗಾಬಿಟ್‌ಗಿಂತ ಹೆಚ್ಚು ತೋರಿಸಿತೆಂದರೆ ತಂತಿ ನಿರಪರಾಧಿ. ಅನಂತರ ಸರ್ವರಿನ ಮುಂದೆಯೇ ಕುಳಿತು ಡಿಸ್ಕನ್ನು ಅಳೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಣ್ಣ ಕಡತವನ್ನು ಬರೆದು ನೋಡಿದರೆ ಅದು ಸ್ಮೃತಿಯಲ್ಲೇ ತಂಗಿ, ಡಿಸ್ಕು ಬಹು ವೇಗವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಪರೀಕ್ಷೆಯ ಕಡತವು ಸರ್ವರಿನ ಸ್ಮೃತಿಗಿಂತ ದೊಡ್ಡದಾಗಿದ್ದರೆ ಮಾತ್ರ ಡಿಸ್ಕಿನ ನಿಜವಾದ ಶಕ್ತಿ ತಿಳಿಯುತ್ತದೆ.

ತಂತಿಯೂ ಚೆನ್ನಾಗಿದೆ, ಡಿಸ್ಕೂ ಚೆನ್ನಾಗಿದೆ, ಓದುವುದೂ ಚುರುಕಾಗಿದೆ. ಆದರೂ ಬರೆಯುವುದು ಮಾತ್ರ ನಿಧಾನವಾಗಿದೆ ಎಂದಾದರೆ ದೋಷವು ಎಲ್ಲಿರಬಹುದು? ಆಗ ಎರಡು ಯಂತ್ರಗಳ ನಡುವಣ ಸಂಭಾಷಣೆಯನ್ನು ಪರಿಶೀಲಿಸಬೇಕು. ಓದುವಾಗ ಸರ್ವರು ಮುಂದಿನ ಭಾಗವನ್ನು ಮುಂಚಿತವಾಗಿಯೇ ತೆಗೆದಿಟ್ಟುಕೊಳ್ಳಬಲ್ಲದು. ಬರೆಯುವಾಗ ಈ ಅನುಕೂಲವಿಲ್ಲ. ಒಂದು ತುಣುಕನ್ನು ಕಳುಹಿಸಿದ ಯಂತ್ರವು "ಬರೆದಾಯಿತು" ಎಂಬ ಉತ್ತರಕ್ಕಾಗಿ ಕಾಯುತ್ತದೆ. ಉತ್ತರ ಬಂದ ಮೇಲೆ ಮುಂದಿನ ತುಣುಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಮಾತ್ರ ತಿರುಗುತ್ತದೆ. ಪ್ರತಿಯೊಂದು ತುಣುಕೂ ಡಿಸ್ಕಿನ ಮೇಲೆ ತನ್ನ ಜಾಗಕ್ಕಾಗಿ ಕಾಯಬೇಕಾದರೆ ಸೆಕೆಂಡಿಗೆ ಸುಮಾರು 100 ತುಣುಕುಗಳಷ್ಟೇ ಮುಗಿದಾವು. ಒಂದೊಂದು ತುಣುಕೂ 4 ಕಿಲೋಬೈಟ್ ಇದ್ದರೆ, ಸೆಕೆಂಡಿಗೆ ಆಗುವ ಕೆಲಸ 400 ಕಿಲೋಬೈಟ್ ಮಾತ್ರ! ಹಾಗೆಯೇ 10,000 ಸಣ್ಣ ಕಡತಗಳನ್ನು ಕಳುಹಿಸುವಾಗ ಒಂದೊಂದಕ್ಕೂ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಯುವಿಕೆ ಇದ್ದರೂ, 100 ಸೆಕೆಂಡುಗಳು ಕಾಯುವುದರಲ್ಲೇ ಕಳೆಯುತ್ತವೆ. ಅವುಗಳನ್ನೆಲ್ಲ ಒಂದೇ ಕಂತೆಯಾಗಿ ಕಟ್ಟಿ ಕಳುಹಿಸಿದರೆ ಆ ಹೊತ್ತು ಬಹುಮಟ್ಟಿಗೆ ಉಳಿಯುತ್ತದೆ.

ಈ ಕಾಯುವಿಕೆಯನ್ನು ತಪ್ಪಿಸಲು ಸುಲಭವಾದ ದಾರಿಯೊಂದಿದೆ. ತುಣುಕು ಸ್ಮೃತಿಗೆ ಬಂದೊಡನೆ, ಡಿಸ್ಕಿಗೆ ಇಳಿಯುವ ಮೊದಲೇ "ಬರೆದಾಯಿತು" ಎಂದು ಹೇಳುವಂತೆ ಸರ್ವರಿಗೆ ಅಪ್ಪಣೆ ಮಾಡಬಹುದು. ಆಗ ವೇಗವು ಹಲವು ಪಟ್ಟು ಹೆಚ್ಚುವುದೂ ಉಂಟು. ಆದರೆ ಅದೇ ಗಳಿಗೆಯಲ್ಲಿ ವಿದ್ಯುತ್ತು ನಿಂತರೆ ಸ್ಮೃತಿಯಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಪುಟ ಜೋಡಿಸಿದವರು ತಮ್ಮ ಕೆಲಸ ಭದ್ರವಾಗಿದೆಯೆಂದು ನಂಬಿ ಮನೆಗೆ ಹೋಗಿರುತ್ತಾರೆ. ಕೆಲಸ ಮಾತ್ರ ಎಲ್ಲಿಯೂ ಇರುವುದಿಲ್ಲ. ಹಣವನ್ನು ಪುಸ್ತಕಕ್ಕೆ ಏರಿಸದೆಯೇ ರಶೀದಿ ಕೊಡುವ ಗುಮಾಸ್ತನ ಕಿಟಕಿಯಲ್ಲಿ ಸಾಲು ಬೇಗ ಕರಗುತ್ತದೆ ನಿಜ. ಆದರೆ ಆ ರಶೀದಿಗೆ ಬೆಲೆಯೇನು?

ಸತ್ಯವನ್ನು ಬಿಡದೆಯೇ ವೇಗವನ್ನು ಸಾಧಿಸುವ ಮಾರ್ಗವನ್ನು ತಜ್ಞರು ಹುಡುಕಿದರು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆಯು 1984ರಲ್ಲಿ ರೂಪಿಸಿದ ಎನ್.ಎಫ್.ಎಸ್. ಎಂಬ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿ, ಮೊದಲು ಪ್ರತಿ ತುಣುಕೂ ಡಿಸ್ಕನ್ನು ಸೇರಿದ ಮೇಲೆಯೇ ಉತ್ತರ ಬರಬೇಕಾಗಿತ್ತು. 1995ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯು ಈ ಪದ್ಧತಿಯನ್ನು ಸುಧಾರಿಸಿತು. ಅದರಂತೆ ತುಣುಕುಗಳನ್ನು ಒಂದರ ಹಿಂದೆ ಒಂದು ಕಳುಹಿಸಿ, ಕೊನೆಯಲ್ಲಿ ಒಂದು ಬಾರಿ "ಎಲ್ಲವೂ ಡಿಸ್ಕಿಗೆ ಸೇರಿತೇ?" ಎಂದು ವಿಚಾರಿಸಬಹುದು. ಹೌದೆಂಬ ಉತ್ತರ ಬರುವವರೆಗೂ ಕಳುಹಿಸಿದ ಯಂತ್ರವು ತನ್ನ ಪ್ರತಿಯನ್ನು ಬಿಟ್ಟುಕೊಡುವುದಿಲ್ಲ. ನಡುವೆ ಸರ್ವರು ನಿಂತು ಮತ್ತೆ ಚಾಲೂ ಆಗಿದ್ದರೆ ಅದು ಗೊತ್ತಾಗುವ ಗುರುತೂ ಇದೆ. ಆಗ ತುಣುಕುಗಳು ಮತ್ತೆ ಹೋಗುತ್ತವೆ. ಇಲ್ಲಿ ಕಾಯುವುದು ಕಡಿಮೆಯಾಯಿತೇ ಹೊರತು ಕೊಟ್ಟ ಮಾತು ಸುಳ್ಳಾಗಲಿಲ್ಲ. ವಿದ್ಯುತ್ತು ಹೋದರೂ ಕೆಲಕಾಲ ನಡೆಯಲು ಬ್ಯಾಟರಿಯ ಆಸರೆಯನ್ನು ಒದಗಿಸುವುದು, ತಿರುಗುವ ಡಿಸ್ಕಿಗೆ ಬದಲಾಗಿ ತಿರುಗದ ಎಸ್.ಎಸ್.ಡಿ.ಯನ್ನು ಅಳವಡಿಸುವುದು ಇತರ ಪರಿಹಾರಗಳು.

ಯಾವ ಪರಿಹಾರವನ್ನೇ ಕೈಗೊಳ್ಳಲಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು; ಬದಲಾವಣೆಗೆ ಮುಂಚಿನ ಅಳತೆಯನ್ನೂ ಅನಂತರದ ಅಳತೆಯನ್ನೂ ಬರೆದಿಡಬೇಕು. ಒಟ್ಟಿಗೆ ನಾಲ್ಕನ್ನು ಬದಲಾಯಿಸಿದರೆ ತೊಂದರೆ ನೀಗಿದರೂ ಅದು ಯಾವುದರಿಂದ ನೀಗಿತೆಂಬುದು ತಿಳಿಯದು. ಮತ್ತೆ ಅದೇ ತೊಂದರೆ ಬಂದಾಗ ನಮ್ಮ ಅಜ್ಞಾನ ಮೊದಲಿನಷ್ಟೇ ಇರುತ್ತದೆ. ನಮ್ಮ ಮುದ್ರಣಾಲಯದವರು ಹೀಗೆ ಕ್ರಮವಾಗಿ ನೋಡುತ್ತ ಹೋದರೆ ಹೊಸ ಸರ್ವರಿಗೆ ಹಣ ತೆರಬೇಕೋ, ಒಂದು ಕೇಬಲ್ಲಿನ ಬೆಲೆಯಲ್ಲೇ ಕೆಲಸ ಮುಗಿಯುವುದೋ ಎಂಬುದು ಅಳತೆಯಿಂದಲೇ ತಿಳಿಯುತ್ತದೆ. ಪುಟಗಳು ಬೇಗ ಉಳಿಯಬೇಕೆಂಬುದು ಅವರ ಆಸೆ; ಉಳಿದವೆಂದು ತೋರಿದ ಪುಟಗಳು ಮರುದಿನ ಬೆಳಿಗ್ಗೆಯೂ ಇರಬೇಕೆಂಬುದು ಅದಕ್ಕಿಂತ ಮುಖ್ಯವಾದ ಅಗತ್ಯ.