ಮೇಲೆ ಎರಡು ಕೌದಿ, ಕೆಳಗೆ ಚಳಿ!



ದೀಪಾವಳಿ ಮುಗಿಯುತ್ತಿದ್ದಂತೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬಿನ ಕಟಾವು ಭರದಿಂದ ಸಾಗುತ್ತದೆ. ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮದೇ ವಿಜಯಪುರ ಜಿಲ್ಲೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಬಯಲಿನಲ್ಲಿ ಜೋಪಡಿ ಹಾಕಿಕೊಂಡು ಕೆಲವು ತಿಂಗಳು ಇರುತ್ತವೆ. ಅವರ ಮಕ್ಕಳು ನಿಮ್ಮ ಪಕ್ಕದಲ್ಲೇ ಕುಳಿತು ಓದುತ್ತಿರಬಹುದು. ಅಥವಾ ಅವರಲ್ಲಿ ನೀವೂ ಒಬ್ಬರಾಗಿರಬಹುದು.

ಒಂದು ಡಿಸೆಂಬರ್ ತಿಂಗಳಲ್ಲಿ ರಾಯಬಾಗ ತಾಲ್ಲೂಕಿನ ಶಾಲೆಯೊಂದರಲ್ಲಿ ಉಷ್ಣದ ಪಾಠ ಮಾಡುತ್ತಿದ್ದೆ. "ಚಳಿಯಾದರೆ ಏನು ಮಾಡಬೇಕು?" ಎಂದು ಕೇಳಿದೆ. "ಕೌದಿ ಹೊದೀಬೇಕ್ರಿ" ಎಂದರು ಎಲ್ಲರೂ. ಗ್ಯಾಂಗಿನವರ ಜೊತೆ ಬಂದಿದ್ದ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. "ಸರ್ರ, ನಮ್ಮ ತಮ್ಮಗ ಜೋಳಿಗ್ಯಾಗ ಎರಡು ಕೌದಿ ಹೊಚ್ಚತೇವ್ರಿ. ಆದ್ರೂ ಅವನ ಬೆನ್ನು ತಣ್ಣಗ ಇರತೈತಿ. ಯಾಕ್ರಿ?"

ಎಂಥ ಒಳ್ಳೆಯ ಪ್ರಶ್ನೆ ನೋಡಿ! ಬನ್ನಿ, ಉತ್ತರ ಹುಡುಕೋಣ.

ಕೌದಿ ಶಾಖ ಕೊಡುತ್ತದೆಯೇ?

ಇಲ್ಲ. ಶಾಖ ಉಂಟಾಗುವುದು ನಮ್ಮ ದೇಹದಲ್ಲಿ, ತಿಂದ ಆಹಾರದಿಂದ. ಕೌದಿ ಆ ಶಾಖ ಹೊರಗೆ ಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅಜ್ಜಿ ಕೌದಿ ಹೊಲಿಯುವುದನ್ನು ನೀವು ನೋಡಿರುತ್ತೀರಿ. ಮರಾಠಿ ಮಾತನಾಡುವ ಮನೆಗಳಲ್ಲಿ ಇದಕ್ಕೆ ಗೋಧಡಿ ಎನ್ನುತ್ತಾರೆ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗಾಡದೆ ನಿಂತ ಗಾಳಿ ಉಷ್ಣದ ಅತ್ಯಂತ ದುರ್ಬಲ ವಾಹಕ. ನಮ್ಮನ್ನು ಬೆಚ್ಚಗಿಡುವುದು ಮುಖ್ಯವಾಗಿ ಈ ನಿಂತ ಗಾಳಿ.

ಜೋಳಿಗೆಯ ಕೆಳಗೆ ಏನಾಗುತ್ತದೆ?

ಸೀರೆಯ ಎರಡು ತುದಿಗಳನ್ನು ಮರದ ಕೊಂಬೆಗೋ ಚಕ್ಕಡಿಗೋ ಕಟ್ಟಿದರೆ ಜೋಳಿಗೆ ಸಿದ್ಧ. ಕೂಸು ಇರುವೆ, ಹುಳುಗಳಿಂದ ದೂರ ಇರುತ್ತದೆ. ಬೇಸಿಗೆಯಲ್ಲಿ ಕೆಳಗಿನಿಂದಲೂ ಗಾಳಿಯಾಡಿ ತಂಪಾಗಿರುತ್ತದೆ. ಬೇಸಿಗೆಯ ಈ ಅನುಕೂಲವೇ ಚಳಿಗಾಲದಲ್ಲಿ ತೊಂದರೆ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು: ಬೆನ್ನ ಕೆಳಗಿನ ಬಟ್ಟೆ ಕೂಸಿನ ಭಾರಕ್ಕೆ ಒತ್ತಿಹೋಗುತ್ತದೆ. ಅದರೊಳಗಿನ ಗಾಳಿ ಹೊರಬೀಳುತ್ತದೆ. ಗಾಳಿ ಹೋದ ಕೌದಿ ತೆಳು ಬಟ್ಟೆಯಂತಾಗುತ್ತದೆ.

ಎರಡನೆಯದು: ನೆಲದ ಮೇಲೆ ಮಲಗಿದಾಗ ಬೆನ್ನಿಗೆ ಗಾಳಿ ಬೀಸುವುದಿಲ್ಲ. ಜೋಳಿಗೆಯ ಕೆಳಗಾದರೋ ಗಾಳಿ ಸರಾಗವಾಗಿ ಹರಿಯುತ್ತದೆ. ಬಟ್ಟೆಗೆ ತಾಗಿ ಬೆಚ್ಚಗಾದ ಗಾಳಿಯನ್ನು ಹೊತ್ತೊಯ್ದು, ಆ ಜಾಗಕ್ಕೆ ತಣ್ಣನೆಯ ಗಾಳಿಯನ್ನು ತರುತ್ತದೆ. ಇದು ಉಷ್ಣ ಸಂವಹನ. ಬಿಸಿ ಚಹಾವನ್ನು ಊದಿ ಆರಿಸುತ್ತೀರಲ್ಲ, ಹಾಗೆಯೇ ಗಾಳಿ ಕೂಸಿನ ಬೆನ್ನನ್ನು ಊದುತ್ತಿರುತ್ತದೆ!

ಹಂಡೆಯ ನೀರಿಗಿಂತ ಬಟ್ಟಲಿನ ಚಹಾ ಬೇಗ ಆರುತ್ತದೆ. ಹಸುಗೂಸು ಬಟ್ಟಲಿನಂತೆ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಅದು ಬೇಗ ತಣ್ಣಗಾಗುತ್ತದೆ.

ನಿಮಗೆ ಗೊತ್ತೇ?

ಗಾಳಿ ಬೀಸಿದಾಗ ಚಳಿ ಎಷ್ಟು ಹೆಚ್ಚುತ್ತದೆ ಎಂಬುದನ್ನು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕದ ಇಬ್ಬರು ಅಂಟಾರ್ಕ್ಟಿಕಾದಲ್ಲಿ ಅಳೆದರು. ಅವರು ಬಳಸಿದ್ದು ನೀರು ತುಂಬಿದ ಒಂದು ಸಣ್ಣ ಪ್ಲಾಸ್ಟಿಕ್ ಪಾತ್ರೆ. ಅದನ್ನು ಗಾಳಿಗೆ ತೂಗುಹಾಕಿ, ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. ಗಾಳಿಯ ವೇಗ ಹೆಚ್ಚಿದಂತೆ ನೀರು ಬೇಗ ಶಾಖ ಕಳೆದುಕೊಂಡಿತು. ಅಂಥದೇ ಪ್ರಯೋಗವನ್ನು ನಿಮ್ಮ ಶಾಲೆಯ ಪಡಸಾಲೆಯಲ್ಲೂ ಮಾಡಬಹುದು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಒಂದೇ ಅಳತೆಯ, ಮುಚ್ಚಳವಿರುವ 3 ಸ್ಟೀಲ್ ಡಬ್ಬಿ, 3 ಟವೆಲ್, ಹಳೆಯ ಕೌದಿಯ ಸಮಾನ ಅಳತೆಯ 6 ತುಂಡು, ಹುರಿ, ಬಿಸಿನೀರು, ಪ್ರಯೋಗಾಲಯದ ತಾಪಮಾಪಕ. ಜ್ವರ ನೋಡುವ ತಾಪಮಾಪಕ ಬೇಡ. ಅದು ಸಾಮಾನ್ಯವಾಗಿ 42 ಡಿಗ್ರಿಯವರೆಗೆ ಮಾತ್ರ ಅಳೆಯುತ್ತದೆ, ಬಿಸಿನೀರಿಗೆ ಹಾಕಿದರೆ ಒಡೆಯಬಹುದು.

ವಿಧಾನ: ಗಾಳಿ ಬೀಸುವ ಕಡೆ ಟವೆಲ್‌ಗಳಿಂದ ಮೂರು ಪುಟ್ಟ ಜೋಳಿಗೆ ಕಟ್ಟಿ. ಶಿಕ್ಷಕರು ಡಬ್ಬಿಗಳಿಗೆ ಸಮ ಪ್ರಮಾಣದ ಬಿಸಿನೀರು ಹಾಕಿ ಮುಚ್ಚಳ ಬಿಗಿಯಲಿ. ಪ್ರತಿ ಜೋಳಿಗೆಯಲ್ಲಿ ಒಂದೊಂದು ಡಬ್ಬಿಯನ್ನು ಅಡ್ಡ ಮಲಗಿಸಿ.

1ನೇ ಜೋಳಿಗೆ: ಎರಡೂ ತುಂಡುಗಳನ್ನು ಮೇಲೆ ಹೊದಿಸಿ.
2ನೇ ಜೋಳಿಗೆ: ಒಂದು ಮೇಲೆ, ಇನ್ನೊಂದು ಒಳಗೆ, ಡಬ್ಬಿಯ ಅಡಿಗೆ.
3ನೇ ಜೋಳಿಗೆ: ಒಂದು ಮೇಲೆ, ಇನ್ನೊಂದು ಹೊರಗೆ, ಟವೆಲ್‌ನ ಕೆಳಗೆ. ಅದು ಟವೆಲ್‌ಗೆ ತಾಗಿರಬೇಕು, ಆದರೆ ಬಿಗಿಯಬಾರದು. ತುದಿಗಳನ್ನು ಗಾಳಿ ನುಗ್ಗದಂತೆ ಹುರಿಯಿಂದ ಕಟ್ಟಿ.

ನೀರಿನ ತಾಪವನ್ನು ಆರಂಭದಲ್ಲಿ ಒಮ್ಮೆ, ಅರ್ಧ ಗಂಟೆಯ ನಂತರ ಒಮ್ಮೆ ಬರೆದುಕೊಳ್ಳಿ. ಯಾವ ಡಬ್ಬಿ ಹೆಚ್ಚು ತಣ್ಣಗಾಯಿತು?

ಮೂರರಲ್ಲೂ ಎರಡೆರಡು ತುಂಡುಗಳೇ ಇವೆ ಎಂಬುದನ್ನು ಗಮನಿಸಿ. ಬದಲಾದದ್ದು ಅವುಗಳನ್ನು ಇಟ್ಟ ಜಾಗ ಮಾತ್ರ. ಹೊರಗೆ ಕಟ್ಟಿದ ಕೌದಿಯ ಮೇಲೆ ಡಬ್ಬಿಯ ಭಾರ ಬೀಳದಿದ್ದರೆ ಅದರ ಪದರಗಳಲ್ಲಿ ಗಾಳಿ ಉಳಿಯುತ್ತದೆ. ಕೌದಿ ಜೋತುಬಿದ್ದು ನಡುವೆ ಸಂದಿಯಾದರೆ ಅಲ್ಲಿ ಗಾಳಿ ನುಗ್ಗಿ ಪ್ರಯೋಜನ ಕಡಿಮೆಯಾಗುತ್ತದೆ. ಬೆಟ್ಟ ಕಾಡುಗಳಲ್ಲಿ ಎರಡು ಮರಗಳ ನಡುವೆ 'ಹ್ಯಾಮಕ್' ಕಟ್ಟಿ ಮಲಗುವ ಚಾರಣಿಗರೂ ಇದೇ ಉಪಾಯ ಮಾಡುತ್ತಾರೆ. ಹ್ಯಾಮಕ್ ಎಂದರೆ ದೊಡ್ಡವರ ಜೋಳಿಗೆಯೇ. ಅದರ ಕೆಳಗೆ, ಹೊರಭಾಗದಲ್ಲಿ, ಒಂದು ರಜಾಯಿ ತೂಗುಹಾಕುತ್ತಾರೆ.

ಮನೆಯಲ್ಲಿ, ಜೋಪಡಿಯಲ್ಲಿ ಹೀಗೆ ಮಾಡಿ

* ಎರಡು ಕೌದಿ ಇದ್ದರೆ ಒಂದನ್ನು ಜೋಳಿಗೆಯ ಕೆಳಗೆ ಹೊರಗಿನಿಂದ ಕಟ್ಟಲು ದೊಡ್ಡವರಿಗೆ ಹೇಳಿ. ಕುರಿಯ ಉಣ್ಣೆಯ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ಹುರಿಯ ತುದಿ ಕೂಸಿನ ಕೈಗೆ, ಕೊರಳಿಗೆ ಸಿಗಬಾರದು.
* ಗಾಳಿ ಬರುವ ದಿಕ್ಕಿಗೆ ತಾಡಪಾಲಿನ ಮರೆ ಕಟ್ಟಿ. ಆದರೆ ಪ್ಲಾಸ್ಟಿಕ್ ಹಾಳೆ ಜೋಳಿಗೆಯ ಒಳಗೆ, ಕೂಸಿನ ಹತ್ತಿರ ಬೇಡ.
* ತಲೆಗೆ ಕುಲಾಯಿ ಇರಲಿ. ಮುಖ, ಮೂಗು ಯಾವಾಗಲೂ ತೆರೆದಿರಲಿ.
* ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಿ. ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ.
* ನೆಲದ ಮೇಲೆ ಮಲಗುವವರು ಒಣ ರವದಿಯನ್ನು ದಪ್ಪಗೆ ಹರಡಿ ಅದರ ಮೇಲೆ ಕೌದಿ ಹಾಸಿಕೊಳ್ಳಿ. ರವದಿಯ ನಡುವೆಯೂ ನಿಂತ ಗಾಳಿ ಇದೆ.
* ಜೋಳಿಗೆಯ ಕೆಳಗೆ ಕೆಂಡ ಇಡಲೇಬೇಡಿ. ಬಟ್ಟೆ, ರವದಿ ಹೊತ್ತಿಕೊಳ್ಳುತ್ತವೆ. ಮುಚ್ಚಿದ ಜೋಪಡಿಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯಬಹುದು.

ಕೂಸಿಗೆ ಚಳಿಯಾಗಿದೆಯೇ? ಮುಟ್ಟಿ ನೋಡಿ

ನಿಮ್ಮ ಕೈಯನ್ನು ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಕೂಸಿನ ಹೊಟ್ಟೆ ಮತ್ತು ಅಂಗಾಲು ಮುಟ್ಟಿ. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಚಳಿಯಾಗುತ್ತಿದೆ ಎಂದರ್ಥ. ತಕ್ಷಣ ಅವ್ವನಿಗೆ ಹೇಳಿ. ಅವ್ವನ ಎದೆಗೆ ಮೈ ತಾಗುವಂತೆ ಅಪ್ಪಿ, ಮೇಲೆ ಕೌದಿ ಹೊದ್ದುಕೊಂಡರೆ ಕೂಸು ಬೆಚ್ಚಗಾಗುತ್ತದೆ. ಎರಡೂ ತಣ್ಣಗಿದ್ದರೆ, ಹಾಲು ಕುಡಿಯದೆ ಸುಮ್ಮನೆ ಬಿದ್ದುಕೊಂಡಿದ್ದರೆ ಅದು ಅಪಾಯದ ಗುರುತು. ಹಾಗೆಯೇ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿಸಿ, ಆಶಾ ಕಾರ್ಯಕರ್ತೆಗೂ ತಿಳಿಸಿ.

ಆ ಹುಡುಗಿಗೆ ಅಂದು ಪಾಠದ ಕೊನೆಯಲ್ಲಿ ಉತ್ತರ ಸಿಕ್ಕಿತು. "ಹಂಗಾರ ಒಂದು ಕೌದಿ ಕೆಳಗ ಕಟ್ಟೂದ್ರಿ" ಎಂದಳು. ಹೊಸ ಕೌದಿ ಬೇಕಾಗಲಿಲ್ಲ, ಇದ್ದದ್ದನ್ನೇ ಜಾಗ ಬದಲಿಸಿದರೆ ಸಾಕಿತ್ತು. ನಿಮ್ಮೂರಿನ ಹೊಲದ ಬದಿಯಲ್ಲೂ ಜೋಳಿಗೆಗಳಿರಬಹುದು. ನೀವು ಕಲಿತದ್ದನ್ನು ಅಲ್ಲಿರುವ ಗೆಳೆಯ ಗೆಳತಿಯರಿಗೆ ತಿಳಿಸುತ್ತೀರಲ್ಲವೇ?

ಯೋಚಿಸಿ ಉತ್ತರಿಸಿ

1. ಒಂದು ದಪ್ಪ ಅಂಗಿಗಿಂತ ಎರಡು ತೆಳು ಅಂಗಿ ಹೆಚ್ಚು ಬೆಚ್ಚಗಿರಬಹುದು. ಏಕೆ?
2. ಚಳಿಯಲ್ಲಿ ಹಕ್ಕಿಗಳು ಪುಕ್ಕ ಉಬ್ಬಿಸಿಕೊಂಡು ಕೂರುತ್ತವೆ. ಇದರಿಂದ ಅವುಗಳಿಗೆ ಏನು ಲಾಭ?
3. ಹಳೆಯ ಕೌದಿಯನ್ನು ಬಿಸಿಲಿಗೆ ಹಾಕಿ ಕೊಡವಿದರೆ ಅದು ಮತ್ತೆ ಬೆಚ್ಚಗಾಗುತ್ತದೆ ಎನ್ನುತ್ತಾರೆ ಅಜ್ಜಿ. ನೀವು ಏನು ಹೇಳುತ್ತೀರಿ?