ಆಟದ ಲ್ಯಾಪ್‌ಟಾಪಿನ ಅಂಗಗಳು: ಆಯ್ಕೆಯೂ ಮಾರ್ಪಾಡೂ

ಸಿದ್ಧ ಉಡುಪನ್ನು ಕೊಳ್ಳುವುದು ಬೇರೆ, ದರ್ಜಿಗೆ ಅಳತೆ ಕೊಟ್ಟು ಹೊಲಿಸಿಕೊಳ್ಳುವುದು ಬೇರೆ. ಲ್ಯಾಪ್‌ಟಾಪುಗಳಲ್ಲಿಯೂ ಈ ಎರಡು ಬಗೆಗಳುಂಟು. ಅಂಗಡಿಯಲ್ಲಿ ಜೋಡಿಸಿಟ್ಟ ಯಂತ್ರವನ್ನು ಇದ್ದಂತೆಯೇ ಕೊಂಡು ತರುವುದು ಒಂದು ಬಗೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಪರದೆ ಎಂಥದು ಎಂದು ಒಂದೊಂದನ್ನೂ ನಾವೇ ಆರಿಸಿ, ಮುಂದೆ ಬೇಕೆನಿಸಿದಾಗ ಬದಲಾಯಿಸಿಕೊಳ್ಳುವುದು ಇನ್ನೊಂದು ಬಗೆ. ಕಂಪ್ಯೂಟರ್ ಆಟಗಳಲ್ಲಿ ಆಸಕ್ತಿಯುಳ್ಳ ತರುಣರಿಗೆ ಈ ಎರಡನೆಯದರ ಮೇಲೆ ಒಲವು ಹೆಚ್ಚು. ಆದರೆ ಇಲ್ಲಿ ಸ್ವಾತಂತ್ರ್ಯವಿರುವಷ್ಟೇ ಅಪಾಯವೂ ಇದೆ. ತಂದೆತಾಯಿಗಳು ಕೂಡಿಟ್ಟ ಹಣ ಒಮ್ಮೆ ತಪ್ಪು ಅಂಗಕ್ಕೆ ವೆಚ್ಚವಾದರೆ, ಓದಿಗೂ ಆಟಕ್ಕೂ ಒಂದೇ ಆದ ಆ ಯಂತ್ರದೊಡನೆ ನಾಲ್ಕೈದು ವರ್ಷ ಹೆಣಗಬೇಕಾಗುವುದು.

ಹಾಗಾದರೆ ಯಾವ ಅಂಗಕ್ಕೆ ಮೊದಲು ಹಣ ಹಾಕಬೇಕು? ಇದಕ್ಕೆ ಉತ್ತರವನ್ನು ಜಾಹೀರಾತುಗಳಲ್ಲಿ ಹುಡುಕಬೇಕಾಗಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಅದನ್ನು ಬಹುಮಟ್ಟಿಗೆ ಹೇಳಿಕೊಡುತ್ತದೆ.

ಬೆಸೆದದ್ದು, ಬಿಚ್ಚಬಹುದಾದದ್ದು

ಲ್ಯಾಪ್‌ಟಾಪಿನ ಅಂಗಗಳನ್ನು ಮೊದಲು ಎರಡು ಗುಂಪಾಗಿ ವಿಂಗಡಿಸಿಕೊಳ್ಳೋಣ. ಮದರ್‌ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿದವು ಒಂದು ಗುಂಪು. ತಿರುಪು ಬಿಚ್ಚಿ ತೆಗೆಯಬಹುದಾದವು ಇನ್ನೊಂದು. ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಪ್ರೊಸೆಸರೂ ಬೆಸೆದವೇ ಆಗಿರುತ್ತವೆ. ಎಸ್‌ಎಸ್‌ಡಿ, ಬ್ಯಾಟರಿ, ವೈಫೈ ಕಾರ್ಡು ಇವನ್ನು ಸಾಮಾನ್ಯವಾಗಿ ಬದಲಾಯಿಸಬಹುದು. ರ‍್ಯಾಮ್ ಕೆಲವು ಯಂತ್ರಗಳಲ್ಲಿ ಬಿಚ್ಚಬಹುದಾದದ್ದು; ತೆಳುವಾದ ಯಂತ್ರಗಳಲ್ಲಿ ಅದೂ ಬೆಸೆದದ್ದು.

ಗ್ರಾಫಿಕ್ಸ್ ಪ್ರೊಸೆಸರನ್ನೂ ಬದಲಾಯಿಸುವಂತಿರಬೇಕೆಂಬ ಪ್ರಯತ್ನಗಳು ಬಹಳ ಹಿಂದಿನಿಂದ ನಡೆದಿವೆ. 2004ರಲ್ಲಿ ಎನ್ವಿಡಿಯಾ ಸಂಸ್ಥೆಯು ಎಂಎಕ್ಸ್‌ಎಂ ಎಂಬ ಕಾರ್ಡಿನ ಮಾದರಿಯನ್ನು ಹೊರತಂದಿತು. ಆದರೆ ಕಾರ್ಡಿನ ಅಂಚು ಸರಿಹೊಂದಿದ ಮಾತ್ರಕ್ಕೆ ಎಲ್ಲವೂ ಸರಿಹೊಂದುವುದಿಲ್ಲ. ತಂಪುಗೊಳಿಸುವ ತಗಡು, ತಿರುಪಿನ ಸ್ಥಾನ, ವಿದ್ಯುತ್ತಿನ ಪ್ರಮಾಣ, ಯಂತ್ರವನ್ನು ಎಬ್ಬಿಸುವ ಬಯೋಸ್ ಇವೆಲ್ಲವೂ ಹೊಂದಬೇಕು. ಇನ್ನೊಂದು ಉದಾಹರಣೆಯನ್ನು ನೋಡಿ. 2019ರಲ್ಲಿ ಬಂದ ಏಲಿಯನ್‌ವೇರ್ ಏರಿಯಾ-51ಎಂ ಎಂಬ ಲ್ಯಾಪ್‌ಟಾಪಿನಲ್ಲಿ ಮೇಜಿನ ಕಂಪ್ಯೂಟರಿನ ಪ್ರೊಸೆಸರನ್ನೇ ಸಾಕೆಟ್ಟಿನಲ್ಲಿ ಕೂರಿಸಿದ್ದರು. ಮರುವರ್ಷವೇ ಇಂಟೆಲ್ ಸಂಸ್ಥೆಯ ಹೊಸ ಪ್ರೊಸೆಸರುಗಳು ಬೇರೊಂದು ಸಾಕೆಟ್ಟಿಗೆ ಬದಲಾದವು. ಬಿಚ್ಚಲು ಬಂದರೂ ಆ ಸಾಕೆಟ್ಟಿನಲ್ಲಿ ಹೊಸದನ್ನು ಕೂರಿಸುವಂತಿರಲಿಲ್ಲ.

ಈಚಿನ ಉದಾಹರಣೆ ಹೆಚ್ಚು ಆಶಾದಾಯಕವಾಗಿದೆ. ಅಮೆರಿಕದ ಫ್ರೇಮ್‌ವರ್ಕ್ ಎಂಬ ಸಂಸ್ಥೆಯ ‘ಲ್ಯಾಪ್‌ಟಾಪ್ 16’ ಎಂಬ ಯಂತ್ರವು 2024ರ ಆರಂಭದಲ್ಲಿ ಕೊಳ್ಳುವವರ ಕೈಸೇರಿತು. ಇದರ ಹಿಂಭಾಗದಲ್ಲಿ ಗ್ರಾಫಿಕ್ಸ್ ಪ್ರೊಸೆಸರನ್ನೂ ಅದರ ಫ್ಯಾನುಗಳನ್ನೂ ಒಂದೇ ಪೆಟ್ಟಿಗೆಯಾಗಿ ಸೇರಿಸಿ ಹೊರಕ್ಕೆ ತೆಗೆಯುವಂತೆ ಮಾಡಿದ್ದಾರೆ. ಮೊದಲು ಅದಕ್ಕೆ ರೇಡಿಯಾನ್ ಆರ್‌ಎಕ್ಸ್ 7700ಎಸ್ ದೊರೆಯುತ್ತಿತ್ತು. 2025ರ ಆಗಸ್ಟಿನಲ್ಲಿ ಅದೇ ಯಂತ್ರಕ್ಕೆ ಕೂರುವ ಆರ್‌ಟಿಎಕ್ಸ್ 5070 ಪೆಟ್ಟಿಗೆಯನ್ನು ಪ್ರಕಟಿಸಿದರು. ತಂಪುಗೊಳಿಸುವ ಭಾಗವೂ ಪೆಟ್ಟಿಗೆಯೊಳಗೇ ಇರುವುದರಿಂದ ಇದು ಸಾಧ್ಯವಾಯಿತು.

ಈ ಮೂರು ಪ್ರಸಂಗಗಳಿಂದ ದೊರೆಯುವ ಮೊದಲ ಸೂತ್ರವಿದು: ಮುಂದೆ ಬದಲಾಯಿಸಲಾಗದ ಅಂಗವನ್ನು ಇಂದೇ ಚೆನ್ನಾಗಿ ಆರಿಸಬೇಕು, ಬದಲಾಯಿಸಬಹುದಾದದ್ದನ್ನು ಇಂದಿಗೆ ಸಾಕಾಗುವಷ್ಟು ಕೊಂಡರೆ ಸಾಕು. ‘ಮುಂದೆ ಬದಲಾಯಿಸಬಹುದು’ ಎಂಬ ಮಾತಿಗಿಂತ, ಹೊಂದುವ ಹೊಸ ಅಂಗವು ನಿಜವಾಗಿಯೂ ದೊರೆಯುತ್ತಿದೆಯೇ ಎಂಬುದು ಮುಖ್ಯ.

ಶಾಖವೇ ನಿಜವಾದ ಎಲ್ಲೆ

ಪ್ರೊಸೆಸರು ಸೇವಿಸುವ ವಿದ್ಯುಚ್ಛಕ್ತಿಯೆಲ್ಲವೂ ಕೊನೆಗೆ ಶಾಖವಾಗಿ ಮಾರ್ಪಡುವುದು. ಅದರೊಳಗಿನ ಟ್ರಾನ್ಸಿಸ್ಟರುಗಳ ಕೆಲಸಕ್ಕೆ ಬೇಕಾಗುವ ಶಕ್ತಿಯು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತನವನ್ನು ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕು. ಎರಡನ್ನೂ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದೆವೆಂದು ಭಾವಿಸೋಣ. 1.1ನ್ನು ಮೂರು ಬಾರಿ ಗುಣಿಸಿದರೆ 1.331 ಬರುವುದು. ಎಂದರೆ ವೇಗ ನೂರಕ್ಕೆ 10ರಷ್ಟು ಹೆಚ್ಚಿದರೆ ಶಾಖ ನೂರಕ್ಕೆ 33ರಷ್ಟು ಹೆಚ್ಚುತ್ತದೆ! ಎರಡನ್ನೂ ಹತ್ತರಷ್ಟು ತಗ್ಗಿಸಿದರೆ ಶಾಖ ನೂರಕ್ಕೆ 27ರಷ್ಟು ಇಳಿಯುತ್ತದೆ. ಸ್ವಲ್ಪ ವೇಗವನ್ನು ಬಿಟ್ಟುಕೊಟ್ಟು ಬಹಳ ಶಾಖವನ್ನು ಉಳಿಸಬಹುದೆಂಬುದು ಇದರ ತಾತ್ಪರ್ಯ.

ಈ ಶಾಖವನ್ನು ಹೊರಹಾಕುವ ದಾರಿ ಯಾವುದು? ತಾಮ್ರದ ಕೊಳವೆಗಳು ಅದನ್ನು ತೆಳುವಾದ ತಗಡುಗಳಿಗೆ ಒಯ್ಯುತ್ತವೆ. ಫ್ಯಾನು ಅಲ್ಲಿ ಗಾಳಿಯನ್ನು ಹಾಯಿಸುತ್ತದೆ. ಹೊರಹೋಗುವ ಶಾಖವು, ಸುಮಾರಾಗಿ, ಪ್ರೊಸೆಸರಿಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಪ್ರೊಸೆಸರಿನ ಗರಿಷ್ಠ ಉಷ್ಣತೆಯನ್ನು 100 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ ಅಂತರ 75 ಡಿಗ್ರಿ. ರಾಯಚೂರು, ಕಲಬುರಗಿಗಳ ಬೇಸಗೆಯ 42 ಡಿಗ್ರಿಯಲ್ಲಿ ಅದು 58 ಡಿಗ್ರಿ ಮಾತ್ರ. ತಂಪಾದ ಕೋಣೆಯಲ್ಲಿ 100 ವಾಟ್ ಶಾಖವನ್ನು ಹೊರಹಾಕುತ್ತಿದ್ದ ಯಂತ್ರ ಅಲ್ಲಿ ಸುಮಾರು 77 ವಾಟನ್ನಷ್ಟೇ ಹೊರಹಾಕಬಲ್ಲದು. ಉಳಿದುದಕ್ಕೆ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಒಂದೇ ಪ್ರೊಸೆಸರುಳ್ಳ ಎರಡು ಯಂತ್ರಗಳಲ್ಲಿ, ದಪ್ಪನಾಗಿದ್ದು ಗಾಳಿಯಾಡಲು ಹೆಚ್ಚು ಅವಕಾಶವಿರುವುದೇ ಬಹುಮಟ್ಟಿಗೆ ಮೇಲು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿಗಳನ್ನು ಮುಚ್ಚುವುದು ಏಕೆ ತಪ್ಪೆಂಬುದೂ ಇದರಿಂದ ಸ್ಪಷ್ಟವಾಗುವುದು.

ಹೆಸರೊಂದೇ ಸಾಲದು

ಆಟಗಳಲ್ಲಿ ಹೆಚ್ಚಿನ ಭಾರ ಬೀಳುವುದು ಗ್ರಾಫಿಕ್ಸ್ ಪ್ರೊಸೆಸರಿನ ಮೇಲೆ. ಅದನ್ನು ಹೆಸರಿನಿಂದ ಮಾತ್ರವೇ ಆರಿಸಿದರೆ ಮೋಸಹೋಗುವ ಸಂಭವವುಂಟು. ಲ್ಯಾಪ್‌ಟಾಪುಗಳ ಆರ್‌ಟಿಎಕ್ಸ್ 4060ಕ್ಕೆ ಯಂತ್ರ ತಯಾರಕರು 35 ವಾಟಿನಿಂದ 115 ವಾಟಿನವರೆಗೆ ಶಕ್ತಿಯನ್ನು ಕೊಡಬಹುದು. ಹೆಸರು ಒಂದೇ, ಕೆಲಸ ಒಂದೇ ಅಲ್ಲ. ಹಾಗೆಯೇ ಮೇಜಿನ ಕಂಪ್ಯೂಟರಿನ ಆರ್‌ಟಿಎಕ್ಸ್ 4090ರಲ್ಲಿ 16,384 ಗಣನ ಕೋರುಗಳಿದ್ದರೆ, ಅದೇ ಅಂಕೆಯ ಲ್ಯಾಪ್‌ಟಾಪ್ ಪ್ರೊಸೆಸರಿನಲ್ಲಿ 9,728 ಮಾತ್ರ. ಆದುದರಿಂದ ಹೆಸರಿನ ಜೊತೆಗೆ ವಾಟುಗಳನ್ನೂ ಕೇಳಿ ತಿಳಿಯುವುದು ಅವಶ್ಯಕ.

ಎರಡನೆಯದಾಗಿ ಗಮನಿಸಬೇಕಾದದ್ದು ಗ್ರಾಫಿಕ್ಸ್ ಪ್ರೊಸೆಸರಿನ ಸ್ವಂತ ಸ್ಮೃತಿ. ಆರ್‌ಎಕ್ಸ್ 7700ಎಸ್‌ನಲ್ಲಿ ಇದು 8 ಗಿಗಾಬೈಟು. ಸೆಕೆಂಡಿಗೆ 288 ಗಿಗಾಬೈಟು ವೇಗದಲ್ಲಿ ಓದಬಲ್ಲದು. ಆಟದ ಚಿತ್ರಗಳು ಈ ಜಾಗದಲ್ಲಿ ಹಿಡಿಸದೆ ಹೋದರೆ, ಮಿಕ್ಕವನ್ನು ಮುಖ್ಯ ರ‍್ಯಾಮಿನಿಂದ ತರಿಸಿಕೊಳ್ಳಬೇಕು. ಆ ದಾರಿಯ ವೇಗ ಸೆಕೆಂಡಿಗೆ ಸುಮಾರು 16 ಗಿಗಾಬೈಟು, ಹದಿನೆಂಟರಲ್ಲಿ ಒಂದು ಪಾಲು! ಕೆರೆಯಲ್ಲಿ ನೀರೆಷ್ಟಿದ್ದರೇನು, ತೂಬು ಕಿರಿದಾದರೆ ಗದ್ದೆಗೆ ಹರಿಯುವುದು ಅಷ್ಟೆ. ಆಟ ತಡವರಿಸುವುದು ಇಂತಹ ಸಮಯದಲ್ಲಿಯೇ. ಈ ಸ್ಮೃತಿಯು ಗ್ರಾಫಿಕ್ಸ್ ಪ್ರೊಸೆಸರಿನೊಡನೆ ಬೆಸೆದೇ ಬರುವುದರಿಂದ ಅದೊಂದನ್ನೇ ಮುಂದೆ ಹೆಚ್ಚಿಸುವಂತಿಲ್ಲ. ಮೇಲೆ ಹೇಳಿದ ಆರ್‌ಟಿಎಕ್ಸ್ 5070 ಪೆಟ್ಟಿಗೆಯಲ್ಲಿಯೂ ಸ್ಮೃತಿ 8 ಗಿಗಾಬೈಟೇ. ಅದರ ಬಗೆ ಮಾತ್ರ ಹೊಸದು. ಮಾರ್ಪಾಡಿನಿಂದ ಏನು ಹೆಚ್ಚುವುದು, ಏನು ಹೆಚ್ಚುವುದಿಲ್ಲ ಎಂಬ ವಿವೇಚನೆ ಇಲ್ಲಿ ಬೇಕು.

ಪರದೆಯೂ ಈ ಲೆಕ್ಕದೊಳಗೇ ಬರುತ್ತದೆ. 1920×1080ರ ಪರದೆಯಲ್ಲಿ 20,73,600 ಬಿಂದುಗಳಿದ್ದರೆ, 2560×1600ರದ್ದರಲ್ಲಿ 40,96,000 ಬಿಂದುಗಳಿವೆ. ಬಿಂದುಗಳು ಸುಮಾರು ಇಮ್ಮಡಿಯಾದರೆ ಬಿಡಿಸುವ ಶ್ರಮವೂ ಹೆಚ್ಚುವುದು. ಸೆಕೆಂಡಿಗೆ 60 ಚಿತ್ರಗಳಾದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು ಅವಕಾಶವಿರುತ್ತದೆ; 165 ಚಿತ್ರಗಳಾದರೆ 6.1 ಮಿಲಿಸೆಕೆಂಡು ಮಾತ್ರ. ಈ ವೇಗಕ್ಕೆ ಚಿತ್ರಗಳನ್ನು ಒದಗಿಸಲಾರದ ಪ್ರೊಸೆಸರಿನ ಮುಂದೆ ಬೆಲೆಬಾಳುವ ಪರದೆಯನ್ನು ಕೂರಿಸಿ ಫಲವಿಲ್ಲ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ಸುಲಭವಾಗಿ ಮಾಡಬಹುದಾದ ಮಾರ್ಪಾಡುಗಳು ಇವು. ಡಿಡಿಆರ್5-5600 ಎಂಬ ರ‍್ಯಾಮಿನ ಒಂದು ಪಟ್ಟಿಯು ಸೆಕೆಂಡಿಗೆ 560 ಕೋಟಿ ಬಾರಿ, ಬಾರಿಗೆ 8 ಬೈಟುಗಳಂತೆ, ಗರಿಷ್ಠ 44.8 ಗಿಗಾಬೈಟು ಸಾಗಿಸಬಲ್ಲದು. ಎರಡು ಪಟ್ಟಿಗಳಿದ್ದರೆ ಎರಡು ದಾರಿಗಳು ತೆರೆದು ಇದು 89.6 ಆಗುವುದು. ಆದುದರಿಂದ 16 ಗಿಗಾಬೈಟಿನ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಸಾಮಾನ್ಯವಾಗಿ ವೇಗದಲ್ಲಿ ಮೇಲು. ಆದರೆ ಇರುವುದು ಎರಡೇ ಗೂಡುಗಳಾದರೆ, ಮುಂದೆ ಹೆಚ್ಚಿಸುವಾಗ ಆ ಎರಡನ್ನೂ ತೆಗೆದುಹಾಕಬೇಕಾಗುವುದು. ಹೀಗಾಗಿ, ಬೇಗನೆ ಇನ್ನೊಂದನ್ನು ಸೇರಿಸುವ ಉದ್ದೇಶವಿದ್ದವರು ಮೊದಲು 16ರ ಒಂದು ಪಟ್ಟಿಯನ್ನು ಹಾಕಿಸಿ, ಅನಂತರ ಅದೇ ಬಗೆಯ ಇನ್ನೊಂದನ್ನು ಸೇರಿಸುವುದೂ ಜಾಣತನವೇ.

ಎಸ್‌ಎಸ್‌ಡಿಯ ಮೇಲೆ ಬರೆದಿರುವ 2280, 2230 ಎಂಬ ಅಂಕೆಗಳು ಅದರ ಗಾತ್ರವನ್ನು ಸೂಚಿಸುತ್ತವೆ: 22 ಮಿ.ಮೀ. ಅಗಲ, 80 ಅಥವಾ 30 ಮಿ.ಮೀ. ಉದ್ದ. ಕೊಳ್ಳುವ ಮೊದಲು ಯಂತ್ರದಲ್ಲಿ ಯಾವುದಕ್ಕೆ ಸ್ಥಳವಿದೆಯೆಂದು ನೋಡಬೇಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದರೆ ಆಟ ತೆರೆದುಕೊಳ್ಳುವ ಕಾಲ ಬಹಳ ಕಡಮೆಯಾಗುವುದು. ಆದರೆ ಒಂದು ವೇಗದ ಎಸ್‌ಎಸ್‌ಡಿಯಿಂದ ಅದಕ್ಕಿಂತ ವೇಗದ ಇನ್ನೊಂದಕ್ಕೆ ಬಂದರೆ ಕಾಣುವ ವ್ಯತ್ಯಾಸ ಅಲ್ಪ. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯಂತೂ ಹೆಚ್ಚುಕಡಮೆ ಹಾಗೆಯೇ ಉಳಿಯುವುದು.

ವಿದ್ಯುತ್ತಿನ ಆಯವ್ಯಯ

ಮನೆಯ ಆದಾಯವನ್ನು ಮೀರಿ ಖರ್ಚು ಮಾಡಲಾಗದಂತೆ, ಅಡಾಪ್ಟರು ಕೊಡುವುದನ್ನು ಮೀರಿ ಯಂತ್ರವು ಬಹಳ ಹೊತ್ತು ದುಡಿಯಲಾರದು. ಗ್ರಾಫಿಕ್ಸ್ ಪ್ರೊಸೆಸರಿಗೆ 100 ವಾಟ್, ಮುಖ್ಯ ಪ್ರೊಸೆಸರಿಗೆ 45, ಪರದೆ ಮೊದಲಾದವಕ್ಕೆ 20 ಎಂದಿಟ್ಟುಕೊಂಡರೆ ಒಟ್ಟು 165 ಆಯಿತು. 180 ವಾಟಿನ ಅಡಾಪ್ಟರಿನಲ್ಲಿ ಉಳಿಯುವುದು 15 ವಾಟ್ ಮಾತ್ರ. ಇದೇ ಭಾರವನ್ನು 85 ವಾಟ್-ಗಂಟೆಯ ಬ್ಯಾಟರಿಯ ಮೇಲೆ ಹೊರಿಸಿದರೆ ಸುಮಾರು 31 ನಿಮಿಷಗಳಲ್ಲಿ ಅದು ಬರಿದಾಗುವುದು. ಅದಕ್ಕೆಂದೇ ಬ್ಯಾಟರಿಯಲ್ಲಿ ನಡೆಯುವಾಗ ಯಂತ್ರಗಳು ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಹೆಚ್ಚು ಶಕ್ತಿಯ ಅಂಗವನ್ನು ಹಾಕುವವರು ಅಡಾಪ್ಟರಿನ ಲೆಕ್ಕವನ್ನೂ ಮಾಡಿರಬೇಕು.

ಕೊರತೆ ಎಲ್ಲಿದೆ? ಒಂದು ಪರೀಕ್ಷೆ

ಹಣ ಹಾಕುವ ಮೊದಲು ಈ ಸುಲಭವಾದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತಿವೆಯೆಂದು ತೋರಿಸುವ ಆಯ್ಕೆ ಅನೇಕ ಆಟಗಳಲ್ಲಿ ಇರುತ್ತದೆ. ಚಿತ್ರಗಳ ವೇಗಕ್ಕೆ ಕಡಿವಾಣ ಹಾಕುವ ವಿ-ಸಿಂಕ್ ಮುಂತಾದ ಆಯ್ಕೆಗಳನ್ನು ನಿಲ್ಲಿಸಿ, ಆಟದ ಒಂದೇ ಸ್ಥಳದಲ್ಲಿ ನಿಂತು, ಸಂಖ್ಯೆಯನ್ನು ಬರೆದುಕೊಳ್ಳಿ. ಬಳಿಕ ಬಿಂದುಗಳ ಸಂಖ್ಯೆಯನ್ನು ಮಾತ್ರ ಅರ್ಧಕ್ಕಿಳಿಸಿ ಮತ್ತೆ ನೋಡಿ.

ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಪ್ರೊಸೆಸರೇ ಹಿಂದುಳಿದಿದೆಯೆಂದು ತಿಳಿಯಬೇಕು. ಏರದೆ ಇದ್ದರೆ ಮುಖ್ಯ ಪ್ರೊಸೆಸರೋ ರ‍್ಯಾಮೋ ತಡೆಯಾಗಿದೆ. ಗ್ರಾಫಿಕ್ಸ್ ಪ್ರೊಸೆಸರಿಗೆ ಹಣ ಹಾಕುವುದು ವ್ಯರ್ಥ. ಮೊದಲು ಚೆನ್ನಾಗಿದ್ದು, ಹತ್ತು ಹದಿನೈದು ನಿಮಿಷಗಳ ಮೇಲೆ ಸಂಖ್ಯೆ ಇಳಿದರೆ ಶಾಖವನ್ನು ಶಂಕಿಸಬೇಕು. ಹೊಸ ಪ್ರದೇಶವನ್ನು ಹೊಕ್ಕಾಗಲೆಲ್ಲ ಆಟ ತಡವರಿಸಿದರೆ ಸ್ಮೃತಿಯನ್ನೋ ಎಸ್‌ಎಸ್‌ಡಿಯನ್ನೋ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲಿತಾಂಶವನ್ನು ಗಮನಿಸುವುದು ಪ್ರಯೋಗಶಾಲೆಯ ನಿಯಮವಷ್ಟೆ; ಅದೇ ನಿಯಮ ಇಲ್ಲಿಯೂ ಸಲ್ಲುತ್ತದೆ.

ಕೈ ಹಾಕುವ ಮುನ್ನ

ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಬೇಕು; ಯಂತ್ರವನ್ನು ತೆರೆದರೆ ವಾರಂಟಿಗೆ ಭಂಗ ಬರುವುದೇ ಎಂದು ವಿಚಾರಿಸಬೇಕು. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಅಡಾಪ್ಟರನ್ನು ಕಿತ್ತು, ಮುಚ್ಚಳ ತೆರೆದೊಡನೆ ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಮೈಮೇಲಿನ ಸ್ಥಾಯಿವಿದ್ಯುತ್ತು ಸೂಕ್ಷ್ಮವಾದ ಚಿಪ್ಪುಗಳನ್ನು ಕೆಡಿಸಬಲ್ಲದು. ಆದುದರಿಂದ ಭೂಸಂಪರ್ಕವಿರುವ ಲೋಹವನ್ನು ಮುಟ್ಟಿ ಅದನ್ನು ಕಳೆದುಕೊಳ್ಳಬೇಕು. ರ‍್ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು, ಓರೆಯಾಗಿ ಗೂಡಿನೊಳಕ್ಕೆ ತೂರಿಸಿ, ಕೊಕ್ಕೆಗಳು ಕಚ್ಚುವವರೆಗೆ ಮೆಲ್ಲನೆ ಕೆಳಗೊತ್ತಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಸರ್ವಥಾ ಕೂಡದು. ಅದಕ್ಕೆ ಬೆಂಕಿ ಹತ್ತುವ ಭಯವುಂಟು.

ಹಳೆಯ ಯಂತ್ರ ಬಿಸಿಯಾಗುತ್ತಿದ್ದರೆ ಹೊಸ ಅಂಗಕ್ಕಿಂತ ಮೊದಲು ಧೂಳನ್ನು ತೆಗೆಸಿ, ಪ್ರೊಸೆಸರಿಗೂ ತಾಮ್ರಕ್ಕೂ ನಡುವಣ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿಸಿ ನೋಡಬೇಕು. ನುಣುಪಾಗಿ ತೋರುವ ಎರಡು ಲೋಹಗಳ ನಡುವೆಯೂ ಸೂಕ್ಷ್ಮವಾದ ಗಾಳಿಯ ಸಂದುಗಳಿರುತ್ತವೆ; ಗಾಳಿಯು ಶಾಖದ ಅತ್ಯಂತ ದುರ್ಬಲ ವಾಹಕ. ಪೇಸ್ಟು ಆ ಸಂದುಗಳನ್ನು ತುಂಬುತ್ತದೆ. ಕಳೆದುಹೋದ ವೇಗ ಕೆಲವೊಮ್ಮೆ ಇಷ್ಟರಿಂದಲೇ ಮರಳಿ ದೊರೆಯುವುದುಂಟು.

ಒಟ್ಟಿನಲ್ಲಿ, ಆಯ್ಕೆಯ ಕ್ರಮ ಹೀಗೆ: ಮೊದಲು ಯಂತ್ರದ ತಂಪುಗೊಳಿಸುವ ಸಾಮರ್ಥ್ಯ ಮತ್ತು ಅಡಾಪ್ಟರು, ಅನಂತರ ಗ್ರಾಫಿಕ್ಸ್ ಪ್ರೊಸೆಸರು, ಅದರ ವಾಟುಗಳು ಮತ್ತು ಸ್ಮೃತಿ, ಅದಕ್ಕೆ ತಕ್ಕ ಮುಖ್ಯ ಪ್ರೊಸೆಸರು ಮತ್ತು ಪರದೆ, ಬಿಚ್ಚಬಹುದಾದ ರ‍್ಯಾಮೂ ಎಸ್‌ಎಸ್‌ಡಿಯೂ ಕೊನೆಗೆ. ಅಂಗಗಳಲ್ಲಿ ಅತಿ ಬಲವಾದುದು ಯಾವುದೆಂದು ಕೇಳುವ ಬದಲು, ಅತಿ ದುರ್ಬಲವಾದುದು ಯಾವುದೆಂದು ಅಳೆದು ನೋಡುವವನ ಹಣ ಪೋಲಾಗುವುದಿಲ್ಲ.