ಪಾಚಿ ದೀಪ ಕೊಳ್ಳುವ ಮುನ್ನ

ಒಳಾಂಗಣ ವಿನ್ಯಾಸಕರಿಗೆ ಈಗ ಜೀವಂತ ವಸ್ತುಗಳ ಮೋಹ: ಹಸಿರು ಗೋಡೆ, ಪಾಚಿ ತುಂಬಿದ ಗಾಜಿನ ದೀಪ, ಹಾವಸೆಯ ಚೌಕಟ್ಟು. ಚೆಂದವೇನೋ ಹೌದು. ಆದರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತಿಗೆ ಮರುಳಾಗಿ ಸಾವಿರಾರು ರೂಪಾಯಿ ತೆರಬೇಡಿ.

ಆ ಮಾತಿನ ಬೇರು ಇರುವುದು 1989ರ ನಾಸಾ ವರದಿಯಲ್ಲಿ. ವಿಜ್ಞಾನಿ ವುಲ್ವರ್ಟನ್ ಮತ್ತು ಸಂಗಡಿಗರು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ ಗಿಡವಿಟ್ಟಾಗ ಬೆಂಜೀನ್‌ನಂಥ ಅನಿಲಗಳು ಕಡಿಮೆಯಾದವು. ಎಲೆಗಿಂತ ಬೇರಿನ ಸುತ್ತಲ ಮಣ್ಣಿನ ಸೂಕ್ಷ್ಮಜೀವಿಗಳದೇ ಅದರಲ್ಲಿ ದೊಡ್ಡ ಪಾಲು. ಮನೆಯಲ್ಲಾದರೋ ಬಾಗಿಲ ಸಂದಿಯಿಂದಲೇ ಗಾಳಿ ಓಡಾಡುತ್ತಿರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಪ್ರಯೋಗಗಳನ್ನು ಕೂಡಿಸಿ ಲೆಕ್ಕ ಹಾಕಿದರು: ಆ ಗಾಳಿಯಾಟಕ್ಕೆ ಸರಿಗಟ್ಟಲು ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಆಮೇಲೆ ಮಂಚ ಎಲ್ಲಿ ಹಾಕುತ್ತೀರಿ? ಗಾಳಿಗಾದರೆ ಕಿಟಕಿ ತೆರೆಯಿರಿ, ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಹಾಕಿ.

ಹಾಗಂತ ಗಿಡವೇ ಬೇಡ ಎನ್ನುತ್ತಿಲ್ಲ. ಕಣ್ಣಿಗೆ ತಂಪು, ಅಷ್ಟು ಕಾರಣ ಸಾಲದೇ? ಕೊಳ್ಳುವಾಗ ಮಾತ್ರ ವಿಚಾರಿಸಿ. ನೀರು ಬೇಡ, ಬಿಸಿಲು ಬೇಡ ಎನ್ನುವ ಹಾವಸೆ ಚೌಕಟ್ಟು ಸಾಮಾನ್ಯವಾಗಿ ಗ್ಲಿಸರಿನ್‌ನಲ್ಲಿ ಸಂಸ್ಕರಿಸಿದ್ದು, ಅಂದರೆ ಸತ್ತದ್ದು. ಪಾಚಿ ದೀಪಕ್ಕೆ ಬೆಳಕು, ಪೋಷಕಾಂಶ, ಆಗಾಗ ಹೊಸ ನೀರು ಎಲ್ಲ ಬೇಕು. ಮೀನಿನ ತೊಟ್ಟಿಯಷ್ಟೇ ಚಾಕರಿ. ಇನ್ನು ಬಾಟಲಿಯಲ್ಲಿಟ್ಟ ಮನಿ ಪ್ಲಾಂಟ್: ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೆಲ್ಲ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನ ಅಂಚಿನಲ್ಲೇ. ಮನಿ ಪ್ಲಾಂಟ್ ಎಲೆ ಕೂಸಿನ ಕೈಗೂ ಬೆಕ್ಕಿನ ಬಾಯಿಗೂ ಎಟುಕದಿರಲಿ; ಅಗಿದರೆ ಬಾಯಿ ಉರಿಯುತ್ತದೆ.